ಚಂದ್ರನಲ್ಲಿ ಗಂಧಕ: ಉಪಕರಣದ ಮಾತನ್ನು ನಂಬೋದು ಹೇಗೆ?

ಆನೆಗೊಂದಿಯ ಬಂಡೆಗಳ ನಡುವೆ ನಿಂತಾಗ 'ಥೇಟ್ ಚಂದ್ರಲೋಕ' ಅಂತ ನಾನೂ ಅಂದಿದ್ದೆ. ಅದು ಕಣ್ಣಿನ ಲೆಕ್ಕ. ಇಲ್ಲಿರೋದು ಗ್ರಾನೈಟ್, ಅದರಲ್ಲಿ ಸುಮಾರು 70% ಸಿಲಿಕಾ. ಚಂದ್ರನ ಎತ್ತರದ ಪ್ರದೇಶಗಳಲ್ಲಿರುವ ಅನಾರ್ಥೊಸೈಟ್‌ನಲ್ಲಿ ಸುಮಾರು 45%. ಕ್ಯಾಲ್ಸಿಯಂ, ಅಲ್ಯೂಮಿನಿಯಂ ಜಾಸ್ತಿ. ಈ ವ್ಯತ್ಯಾಸ ಹೇಳೋಕೆ ಉಪಕರಣ ಬೇಕು. ಉಪಕರಣವನ್ನು ನಂಬೋಕೆ ಕ್ಯಾಲಿಬ್ರೇಶನ್ ಬೇಕು.

ಲಿಬ್ಸ್ ಏನು ಮಾಡುತ್ತೆ?

ಚಂದ್ರಯಾನ-3ರ ಪ್ರಗ್ಯಾನ್ ರೋವರ್‌ನಲ್ಲಿದ್ದ ಲಿಬ್ಸ್ ತಯಾರಾಗಿದ್ದು ಬೆಂಗಳೂರಿನಲ್ಲೇ, ಇಸ್ರೋದ 'ಲಿಯೋಸ್' ಪ್ರಯೋಗಾಲಯದಲ್ಲಿ. ಲೇಸರ್ ಮಿಡಿತ ಕಲ್ಲು-ಮಣ್ಣಿಗೆ ಬಿದ್ದಾಗ ಒಂದು ಚುಕ್ಕೆಯಷ್ಟು ಜಾಗ ಕಾದು ಪ್ಲಾಸ್ಮಾ ಆಗುತ್ತೆ. ಅದು ತಣಿಯುವಾಗ ಪ್ರತಿ ಧಾತುವೂ ತನ್ನದೇ ತರಂಗಾಂತರದ ಬೆಳಕು ಬಿಡುತ್ತೆ. ಆ ಗೆರೆಗಳನ್ನು ಓದೋದೇ ಸ್ಪೆಕ್ಟ್ರೋಮೀಟರ್ ಕೆಲಸ.

ತಪ್ಪು ಎಲ್ಲಿ ನುಸುಳುತ್ತೆ?

ಮೊದಲನೆಯದು, ಗೆರೆಯ ಜಾಗ. ಅಲ್ಯೂಮಿನಿಯಂನ ಒಂದು ಗೆರೆ 396.15 ನ್ಯಾನೋಮೀಟರ್‌ನಲ್ಲಿದೆ, ಕ್ಯಾಲ್ಸಿಯಂನದು 396.85ರಲ್ಲಿ. ಅಳತೆಪಟ್ಟಿ 0.7 ಜರುಗಿದರೆ ಒಂದರ ಹೆಸರು ಇನ್ನೊಂದಕ್ಕೆ. ಅದಕ್ಕೇ ಗೆರೆಗಳು ಮೊದಲೇ ಗೊತ್ತಿರುವ ದೀಪದ ಬೆಳಕು ಹಾಯಿಸಿ ಪಟ್ಟಿಯನ್ನು ಸರಿಹೊಂದಿಸುತ್ತಾರೆ.

ಎರಡನೆಯದು, ಪ್ರಮಾಣ. ಗೆರೆ ಎಷ್ಟು ಪ್ರಖರವಾಗಿದ್ದರೆ ಧಾತು ಎಷ್ಟಿದೆ ಅಂತ ತಿಳಿಯೋಕೆ, ಸಂಯೋಜನೆ ಗೊತ್ತಿರುವ ಮಾದರಿಗಳನ್ನು ಮೊದಲು ಅಳೆಯಬೇಕು. ಗಂಗಾವತಿಯಲ್ಲಿ ಭತ್ತ ತೂಗುವ ಮುನ್ನ ಗೊತ್ತಿರುವ ಬಟ್ಟಿಟ್ಟು ತಕ್ಕಡಿ ನೋಡಿದ ಹಾಗೆ. ಆದರೆ ಇಲ್ಲಿ ಮಾದರಿಯೂ ಚಂದ್ರನ ಕಲ್ಲಿಗೆ ಹತ್ತಿರದ್ದಾಗಿರಬೇಕು. ಕಲ್ಲಿನ ಜಾತಿ ಬದಲಾದರೆ ಅದೇ ಪ್ರಮಾಣದ ಧಾತುವಿನ ಗೆರೆಯೂ ಬದಲಾಗುತ್ತೆ. ಆನೆಗೊಂದಿ ಗ್ರಾನೈಟ್ ಒಂದನ್ನೇ ನಂಬಿದರೆ ಲೆಕ್ಕ ಕೆಡುತ್ತೆ. ಚಂದ್ರಯಾನ-2ರ ರೋವರ್ ಪರೀಕ್ಷೆಗೆ ಕೃತಕ ಚಂದ್ರಮಣ್ಣು ಮಾಡುವಾಗ ಇಸ್ರೋ ಆರಿಸಿದ್ದೂ ತಮಿಳುನಾಡಿನ ಸಿತ್ತಂಪೂಂಡಿಯ ಅನಾರ್ಥೊಸೈಟನ್ನೇ.

ಮೂರನೆಯದು, ನಿರ್ವಾತ. ಭೂಮಿಯ ಗಾಳಿ ಪ್ಲಾಸ್ಮಾವನ್ನು ಒತ್ತಿ ಹಿಡಿಯುತ್ತೆ. ಚಂದ್ರನಲ್ಲಿ ಅದು ಹರಡಿ ಬೇಗ ಮಂಕಾಗುತ್ತೆ. ಪರೀಕ್ಷೆ ನಿರ್ವಾತ ಕೋಣೆಯಲ್ಲೇ ನಡೀಬೇಕು.

ನಮಗೇನು?

2023ರ ಆಗಸ್ಟ್ 28ರಂದು ಇಸ್ರೋ ಲಿಬ್ಸ್ ಗಂಧಕ ಪತ್ತೆಹಚ್ಚಿದೆ ಎಂದಿತು. ಮೂರೇ ದಿನದಲ್ಲಿ, ಬೇರೆ ತತ್ವದ ಮೇಲೆ ಕೆಲಸ ಮಾಡುವ ಅಹಮದಾಬಾದಿನ ಎಪಿಎಕ್ಸ್‌ಎಸ್ ಕೂಡ ಅದನ್ನೇ ಹೇಳಿತು. ನಂಬಿಕೆ ಗಟ್ಟಿಯಾಗೋದು ಹೀಗೆ. ಆದರೆ ಲಿಬ್ಸ್ ಪ್ರಕಟಣೆ ಹೇಳಿದ್ದು 'ಇದೆ' ಅಂತ, 'ಇಷ್ಟಿದೆ' ಅಂತಲ್ಲ. ನಮ್ಮ ವಾಟ್ಸಾಪ್ ಗುಂಪುಗಳು ಅಷ್ಟಕ್ಕೇ ಚಂದ್ರನಲ್ಲಿ ಗಣಿ ತೆರೆದವು.

2024ರ ಆಗಸ್ಟ್ 23ರಂದು ಚಂದ್ರಯಾನ-3ರ ದತ್ತಾಂಶ ಸಾರ್ವಜನಿಕವಾಯಿತು. ಹೆಮ್ಮೆ ಪಡೋಣ. ಜೊತೆಗೆ, ಯಾರೇ ಅಂಕಿ ಎಸೆದರೂ ಕೇಳೋಣ: ತಕ್ಕಡಿ ನೋಡಿದ್ದೀರಾ?