ಸೋಯಾ ಅವರೆಯಲ್ಲಿ ಕಳೆ ಮೊಳೆಯುವ ಮುನ್ನವೇ ಹತೋಟಿ

ಮುಂಗಾರಿನ ಸೋಯಾ ಅವರೆಗೆ ಬಿತ್ತನೆಯ ನಂತರದ ಮೊದಲ 30ರಿಂದ 45 ದಿನಗಳು ನಿರ್ಣಾಯಕ. ಈ ಅವಧಿಯಲ್ಲಿ ಬೆಳೆಯ ಎಲೆಹಂದರ ಸಾಲುಗಳ ನಡುವಿನ ನೆಲವನ್ನು ಮುಚ್ಚಿರುವುದಿಲ್ಲ; ನೀರು, ಪೋಷಕಾಂಶ ಮತ್ತು ಬೆಳಕಿಗಾಗಿ ಕಳೆಗಳು ಬೆಳೆಯೊಡನೆ ಪೈಪೋಟಿ ನಡೆಸುತ್ತವೆ. ಧಾರವಾಡ, ಬೆಳಗಾವಿ, ಬೀದರ ಜಿಲ್ಲೆಗಳ ಕಪ್ಪು ಭೂಮಿಯಲ್ಲಿ ಇದೇ ಸಮಯಕ್ಕೆ ಜಡಿಮಳೆ ಹಿಡಿದರೆ ಎಡೆಕುಂಟೆ ಹೊಲಕ್ಕೆ ಇಳಿಯದು, ಆಳುಗಳೂ ದೊರೆಯರು. ಆದ್ದರಿಂದ ಕಳೆಯನ್ನು ಮೊಳಕೆಯ ಹಂತದಲ್ಲಿಯೇ ತಡೆಯುವುದು ಸೂಕ್ತ.

ಬಿತ್ತನೆಗೆ ಮುನ್ನ

* ಪಾರ್ಥೇನಿಯಂ (ಕಾಂಗ್ರೆಸ್ ಕಸ) ಗಿಡವೊಂದು ಹತ್ತು ಸಾವಿರಕ್ಕೂ ಹೆಚ್ಚು ಬೀಜ ಉದುರಿಸಬಲ್ಲದು. ಬದು ಹಾಗೂ ಕಾಲುವೆ ಬದಿಯ ಕಳೆಗಳನ್ನು ಹೂ ಬಿಡುವ ಮುನ್ನವೇ ಕೀಳಬೇಕು.
* ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನೇ ಬಳಸಬೇಕು. ಹಸಿ ಗೊಬ್ಬರದೊಡನೆ ಜೀವಂತ ಕಳೆಬೀಜಗಳು ಹೊಲ ಸೇರುತ್ತವೆ.
* ಮೇ ತಿಂಗಳಲ್ಲಿ ಹದ ಮಳೆಯಾದರೆ, ಮೊಳೆತ ಕಳೆಗಳನ್ನು ಬಿತ್ತನೆಗೆ ಮುನ್ನ ಮೇಲುಮೇಲೆ ಕುಂಟೆ ಹೊಡೆದು ನಾಶಪಡಿಸಬೇಕು. ಆಳವಾಗಿ ಉತ್ತರೆ ಕೆಳಗಿನ ಬೀಜಗಳು ಮೇಲೆ ಬಂದು ಮತ್ತೆ ಮೊಳೆಯುತ್ತವೆ.

ಉದಯಪೂರ್ವ ಕಳೆನಾಶಕ

ಪೆಂಡಿಮೆಥಾಲಿನ್ 30 ಇ.ಸಿ. ಕಳೆನಾಶಕವನ್ನು ಎಕರೆಗೆ 1.0ರಿಂದ 1.3 ಲೀಟರ್ ಪ್ರಮಾಣದಲ್ಲಿ, ಕನಿಷ್ಠ 200 ಲೀಟರ್ ನೀರಿನಲ್ಲಿ ಬೆರೆಸಿ ಸಿಂಪಡಿಸಬೇಕು. ಹಗುರ ಮಣ್ಣಿಗೆ ಕಡಿಮೆ ಪ್ರಮಾಣ, ಜೇಡಿ ಹೆಚ್ಚಿರುವ ಕಪ್ಪು ಮಣ್ಣಿಗೆ ಹೆಚ್ಚಿನ ಪ್ರಮಾಣ ಸೂಕ್ತ. 16 ಲೀಟರ್ ಟ್ಯಾಂಕಿನ ಪಂಪಿನಲ್ಲಿ ಎಕರೆಗೆ 13 ಟ್ಯಾಂಕ್ ಸಿಂಪಡಿಸುವುದಾದರೆ, 1.3 ಲೀಟರ್ ಪ್ರಮಾಣಕ್ಕೆ ಪ್ರತಿ ಟ್ಯಾಂಕಿಗೆ 100 ಮಿ.ಲೀ. ಬೇಕಾಗುತ್ತದೆ.

ಈ ಕಳೆನಾಶಕವು ಮಣ್ಣಿನ ಮೇಲ್ಪದರದಲ್ಲಿ ತೆಳುವಾದ ಪದರವಾಗಿ ನಿಂತು, ಆ ಪದರವನ್ನು ದಾಟುವ ಎಳೆಯ ಮೊಳಕೆಯ ಬೇರು ಮತ್ತು ಕುಡಿಯ ಬೆಳವಣಿಗೆಯನ್ನು ತಡೆಯುತ್ತದೆ. ಮಣ್ಣಿನಲ್ಲಿ ಸುಪ್ತವಾಗಿರುವ ಬೀಜವನ್ನಾಗಲಿ, ಈಗಾಗಲೇ ಹುಟ್ಟಿರುವ ಕಳೆಯನ್ನಾಗಲಿ ಕೊಲ್ಲುವುದಿಲ್ಲ. ಈ ಗುಣವನ್ನು ಅರಿತರೆ ಕೆಳಗಿನ ನಿಯಮಗಳ ಕಾರಣ ಸ್ಪಷ್ಟವಾಗುತ್ತದೆ.

1. ಬಿತ್ತಿದ ದಿನ ಅಥವಾ ಮೂರು ದಿನಗಳೊಳಗೆ, ಬೆಳೆ ಮತ್ತು ಕಳೆ ಎರಡೂ ಮೊಳೆಯುವ ಮುನ್ನ ಸಿಂಪಡಿಸಬೇಕು.
2. ಮಣ್ಣು ಹಸಿಯಾಗಿರಬೇಕು. ಒಣ ಮಣ್ಣಿನ ಮೇಲೆ ಬಿದ್ದ ಔಷಧ ಬಿಸಿಲಿಗೆ ವಿಘಟನೆ ಹೊಂದಿ, ಆವಿಯಾಗಿ ವ್ಯರ್ಥವಾಗುತ್ತದೆ.
3. ಹೆಂಟೆಗಳಿದ್ದರೆ ಪದರ ಒಡೆಯುತ್ತದೆ. ಭೂಮಿಯನ್ನು ಸಮವಾಗಿ ಹದಗೊಳಿಸಬೇಕು.
4. ಬೀಜವನ್ನು 3ರಿಂದ 4 ಸೆಂ.ಮೀ. ಆಳದಲ್ಲಿ ಬಿತ್ತಿ ಪೂರ್ಣ ಮುಚ್ಚಬೇಕು. ಮೇಲೆ ಉಳಿದ ಬೀಜಕ್ಕೆ ಔಷಧ ತಗುಲಿ ಸಸಿ ಹಾಳಾಗುತ್ತದೆ.
5. ಚಪ್ಪಟೆ ಫ್ಯಾನ್ ನಾಜಲ್ ಬಳಸಿ, ಹಿಂದಕ್ಕೆ ನಡೆಯುತ್ತಾ ಸಿಂಪಡಿಸಬೇಕು. ಸಿಂಪಡಿಸಿದ ನೆಲವನ್ನು ತುಳಿಯಬಾರದು.
6. ಮುಂದಿನ 20ರಿಂದ 25 ದಿನ ಎಡೆಕುಂಟೆ ಹಾಯಿಸಬಾರದು.

ತೊಗರಿ ಅಂತರಬೆಳೆಯಾಗಿದ್ದರೂ ಇದನ್ನು ಬಳಸಬಹುದು. ಜೋಳ ಅಂತರಬೆಳೆಯಾಗಿದ್ದರೆ ಬಳಸಬಾರದು. ಜೋಳದ ಸಸಿಗಳು ಹಾಳಾಗುತ್ತವೆ.

ಔಷಧದ ಮಿತಿ

ಗಡ್ಡೆ ಮತ್ತು ಬೇರುಕಾಂಡದಿಂದ ಚಿಗುರುವ ಜೇಕು, ಕರಿಕೆಗಳಿಗೆ ಇದು ಪರಿಹಾರವಲ್ಲ. ದಪ್ಪ ಬೀಜದ ಕೆಲವು ಅಗಲ ಎಲೆಯ ಕಳೆಗಳೂ ತಪ್ಪಿಸಿಕೊಳ್ಳುತ್ತವೆ. ಹೀಗಾಗಿ ಬಿತ್ತಿದ 25ರಿಂದ 30 ದಿನಗಳಿಗೆ ಒಮ್ಮೆ ಎಡೆಕುಂಟೆ ಹೊಡೆದು, ಉಳಿದ ಕಳೆಗಳನ್ನು ಕೈಯಿಂದ ತೆಗೆಯುವುದು ಅವಶ್ಯ. ಸಿಂಪರಣೆಯ ಅವಧಿ ಮೀರಿ ಬೆಳೆ ಮೊಳೆತಿದ್ದರೆ ತಡವಾಗಿ ಸಿಂಪಡಿಸಿ ಹಣ ವ್ಯಯಿಸುವುದಕ್ಕಿಂತ ಎಡೆಕುಂಟೆಯನ್ನೇ ಅವಲಂಬಿಸುವುದು ಲೇಸು.

ಎಚ್ಚರಿಕೆ

ಭಾರಿ ಮಳೆಯ ಸೂಚನೆಯಿದ್ದಾಗ ಸಿಂಪಡಿಸಬಾರದು. ಈ ಔಷಧ ಮೀನುಗಳಿಗೆ ವಿಷಕಾರಿ. ಕೆರೆ, ಹಳ್ಳಗಳಲ್ಲಿ ಪಂಪು ತೊಳೆಯಬಾರದು. ಕೈಗವಸು, ಮುಖಗವಸು ಧರಿಸಬೇಕು. ಡಬ್ಬಿಯ ಮೇಲಿನ ಸೂಚನೆಗಳನ್ನು ಓದಿ ಪಾಲಿಸಬೇಕು. ಹೆಚ್ಚಿನ ಮಾಹಿತಿಗೆ ಸಮೀಪದ ಕೃಷಿ ವಿಜ್ಞಾನ ಕೇಂದ್ರ ಅಥವಾ ರೈತ ಸಂಪರ್ಕ ಕೇಂದ್ರವನ್ನು ಸಂಪರ್ಕಿಸಬಹುದು.