ಕೊಕ್ಕೆ ಕಳೆದುಕೊಂಡ ಇಲಿ ಹೇಳಿದ ಕಥೆ

ನಾನು ಓದಿದ್ದು ಬಿ.ಕಾಂ. ಹಾಗಾಗಿ ಇವತ್ತಿನ ವಿಜ್ಞಾನದ ಕಥೆಯನ್ನೂ ಒಬ್ಬ ಬಟ್ಟೆ ವ್ಯಾಪಾರಿಯಿಂದಲೇ ಶುರು ಮಾಡ್ತೀನಿ.

ನೆದರ್ಲೆಂಡ್ಸ್‌ನ ಡೆಲ್ಫ್ಟ್ ಊರಿನ ಆಂಟನಿ ವಾನ್ ಲೇವನ್‌ಹುಕ್ 1677ರಲ್ಲಿ ತನ್ನ ಸೂಕ್ಷ್ಮದರ್ಶಕದಲ್ಲಿ ವೀರ್ಯವನ್ನು ನೋಡಿದ. ಬಾಲ ಬಡಿಯುತ್ತಾ ಈಜುವ ಜೀವಿಗಳು ಕಂಡವು. ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದ. 1694ರಲ್ಲಿ ಹಾರ್ಟ್ಸೂಕರ್ ಎಂಬಾತ ವೀರ್ಯಾಣುವಿನ ತಲೆಯೊಳಗೆ ಮುದುಡಿ ಕೂತ ಪುಟ್ಟ ಮನುಷ್ಯನ ಚಿತ್ರವನ್ನೇ ಬಿಡಿಸಿಬಿಟ್ಟ! ಅಲ್ಲಿ ಮನುಷ್ಯನೇನೂ ಇರಲಿಲ್ಲ ಬಿಡಿ. ಆದರೆ ಆ ತಲೆಯ ಆಕಾರದಲ್ಲಿ ದೊಡ್ಡ ಗುಟ್ಟಿತ್ತು.

ತಲೆಯ ಮುಂಭಾಗದಲ್ಲಿ ಟೋಪಿಯ ಹಾಗೆ ಒಂದು ಚೀಲ ಇರುತ್ತೆ, ಹೆಸರು ಆಕ್ರೊಸೋಮ್. ಅದರಲ್ಲಿರೋ ಕಿಣ್ವಗಳು ಅಂಡಾಣುವಿನ ಹೊರಪದರ ದಾಟಲು ಬೇಕು. 1970ರ ದಶಕದಲ್ಲಿ ವೈದ್ಯರು ಕೆಲವು ಗಂಡಸರ ವೀರ್ಯಾಣುಗಳ ತಲೆ ಪೂರ್ತಿ ಗುಂಡಗಿರೋದನ್ನು ವರದಿ ಮಾಡಿದರು. ಟೋಪಿಯೇ ಇಲ್ಲ, ಮಕ್ಕಳೂ ಇಲ್ಲ. ಯಾಕೆ?

ಸುಳಿವು ಕೊಟ್ಟಿದ್ದು ಇಲಿ. ಇಲಿಯ ವೀರ್ಯಾಣುವಿನ ತಲೆ ಕುಡುಗೋಲಿನಂತೆ ಬಾಗಿರುತ್ತೆ. 2002ರಲ್ಲಿ ಜಪಾನಿನ ವಿಜ್ಞಾನಿಗಳು ಜಿಒಪಿಸಿ ಎಂಬ ಜೀನ್ ಇಲ್ಲದ ಇಲಿಗಳನ್ನು ಬೆಳೆಸಿದರು. ಆ ಗಂಡಿಲಿಗಳಿಗೆ ಮರಿ ಹುಟ್ಟಲಿಲ್ಲ. ವೀರ್ಯಾಣುವಿನ ಕೊಕ್ಕೆ ಹೋಗಿ ತಲೆ ಗುಂಡಗಾಗಿತ್ತು. ಟೋಪಿ ಕಟ್ಟಬೇಕಾದ ಸಣ್ಣ ಸಣ್ಣ ಚೀಲಗಳು ಒಂದಾಗಿರಲೇ ಇಲ್ಲ.

2011ರಲ್ಲಿ ಮನುಷ್ಯರ ಸರದಿ. ಒಂದು ಅಧ್ಯಯನದಲ್ಲಿ ಇಂಥ 20 ಗಂಡಸರ ಪೈಕಿ 15 ಜನರಲ್ಲಿ ಡಿಪಿವೈ19ಎಲ್2 ಎಂಬ ಜೀನ್‌ನ ಎರಡೂ ಪ್ರತಿಗಳು ಅಳಿಸಿಹೋಗಿದ್ದವು. ಮರುವರ್ಷ ಅದೇ ಜೀನ್ ತೆಗೆದ ಇಲಿಯಲ್ಲಿ ಕಾರಣವೂ ಸಿಕ್ತು: ಟೋಪಿ ತಯಾರಾಗ್ತಾ ಇತ್ತು, ಆದರೆ ಕೋಶಕೇಂದ್ರಕ್ಕೆ ಅಂಟಿಕೊಳ್ಳದೆ ಕಳಚಿಬೀಳ್ತಾ ಇತ್ತು. ನೋಡಿ, ಎಡವಟ್ಟು ಎರಡು ಬಗೆ, ಫಲ ಒಂದೇ.

ಇಕ್ಸಿ ವಿಧಾನದಲ್ಲಿ ಒಂದೇ ವೀರ್ಯಾಣುವನ್ನು ಸೂಜಿಯಿಂದ ಅಂಡಾಣುವಿನೊಳಗೆ ಇಡ್ತಾರೆ. ಅದರಿಂದ ಮೊದಲ ಮಕ್ಕಳು ಹುಟ್ಟಿದ ವರದಿ 1992ರಲ್ಲಿ ಬ್ರಸೆಲ್ಸ್‌ನಿಂದ ಬಂತು. ಗುಂಡು ತಲೆಯವರಿಗೆ ಅಷ್ಟೇ ಸಾಲದೆ, ಅಂಡಾಣುವನ್ನು ಪ್ರಯೋಗಾಲಯದಲ್ಲಿ ಬೇರೆಯಾಗಿ ಚುರುಕುಗೊಳಿಸಬೇಕಾಗಬಹುದು. ಆದರೂ ದಾರಿ ಇದೆ.

ಈ ಕಥೆ ನಾನು ಆರಿಸಿಕೊಂಡಿದ್ದಕ್ಕೆ ಕಾರಣ ಒಂದು ಪದ. ಮಕ್ಕಳಾಗದ ಹೆಣ್ಣಿಗೆ ನಮ್ಮಲ್ಲಿ 'ಬಂಜೆ' ಅನ್ನೋ ಬೈಗುಳ ತಯಾರಾಗೇ ಇದೆ. ತಪಾಸಣೆಗೆ ಮೊದಲು ಹೋಗೋದೂ ಎಷ್ಟೋ ಮನೆಗಳಲ್ಲಿ ಸೊಸೆಯೇ. ಅಂಥ ಮನೆಯವರಿಗೆ ಈ ಎಪಿಸೋಡ್ ಕೇಳಿಸಿ: ವೀರ್ಯ ಪರೀಕ್ಷೆ ಸರಳವಾದದ್ದು, ಮಗನನ್ನೂ ಜೊತೆಗೇ ಕಳಿಸಿ.