ನಕ್ಷತ್ರಿಕ ಬಂದಾನ ನೋಡು

ನಮ್ಮ ಮನೆಗೆ ಸಾಲ ಕೇಳಲು ಬರುತ್ತಿದ್ದ ಗುಮಾಸ್ತನಿಗೆ ಒಂದು ಅಡ್ಡಹೆಸರಿತ್ತು. ಶೇಂಗಾ ಕಿತ್ತು ಮುಗಿದ ಹದಿನೈದು ದಿನಕ್ಕೆಲ್ಲ ಆತ ಸೈಕಲ್ಲನ್ನು ಬೇವಿನ ಮರಕ್ಕೆ ಒರಗಿಸಿ ಕಟ್ಟೆಯ ಮೇಲೆ ಬಂದು ಕೂರುತ್ತಿದ್ದ. ದೊಡ್ಡಪ್ಪ ಒಳಗಿನಿಂದಲೇ ಮೆಲ್ಲಗೆ, "ನಕ್ಷತ್ರಿಕ ಬಂದಾನ ನೋಡ್ರಲೇ, ಒಂದು ಚರಿಗಿ ನೀರು ಕೊಡ್ರಿ" ಅನ್ನುತ್ತಿದ್ದ. ನಾವು ಹುಡುಗರು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದೆವು. ದೊಡ್ಡಪ್ಪ ನಗುತ್ತಿರಲಿಲ್ಲ.

ಆ ಹೆಸರಿಗೆ ನನ್ನ ಮನಸ್ಸಿನಲ್ಲಿ ಒಂದು ಮುಖ ಸಿಕ್ಕಿದ್ದು ಜಾತ್ರೆಯ ಟೆಂಟ್ ಸಿನಿಮಾದಲ್ಲಿ. ಉಚ್ಚಂಗಿದುರ್ಗದ ಗುಡ್ಡದ ಮೇಲಿನ ಉಚ್ಚಂಗೆಮ್ಮನಿಗೆ ಭರತ ಹುಣ್ಣಿಮೆಯಲ್ಲಿ ಜನ ನೆರೆಯುತ್ತಾರೆ. ಮೆಟ್ಟಿಲು ಹತ್ತಿ ಇಳಿದು, ಮಂಡಕ್ಕಿ ಮಿರ್ಚಿ ತಿಂದು, ಮರಳ ಮೇಲೆ ಕೂತು ನಾವು ನೋಡಿದ್ದು 1965ರ 'ಸತ್ಯ ಹರಿಶ್ಚಂದ್ರ'. ರಾಜನಾಗಿ ರಾಜ್‌ಕುಮಾರ್, ವಿಶ್ವಾಮಿತ್ರನಾಗಿ ಉದಯಕುಮಾರ್, ಆ ಋಷಿಯ ಸಾಲ ವಸೂಲಿ ಮಾಡಲು ಬೆನ್ನು ಹತ್ತುವ ನಕ್ಷತ್ರಿಕನಾಗಿ ನರಸಿಂಹರಾಜು. ತೆಳ್ಳನೆ ಮೈ, ಮುಂದೆ ಚಾಚಿದ ಹಲ್ಲು, ಕೂತಲ್ಲಿ ಕೂರದ ಕಣ್ಣು. ರಾಜ್ಯ ಕಳೆದುಕೊಂಡವನು ಅಳುವ ಕಥೆಯಲ್ಲಿ ಇಡೀ ಟೆಂಟು ನಕ್ಕಿತು. ಯಾಕೆ ನಕ್ಕಿತು ಎಂಬ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ತಿಪಟೂರಿನಲ್ಲಿ 1923ರಲ್ಲಿ ಹುಟ್ಟಿದ ನರಸಿಂಹರಾಜು ಅವರು ಶಾಲೆಯ ಹಲಗೆಗಿಂತ ಮೊದಲು ರಂಗದ ಹಲಗೆ ಕಂಡವರು. ನಾಲ್ಕನೆಯ ವಯಸ್ಸಿಗೇ ಅವರನ್ನು ನಾಟಕ ಕಂಪನಿಗೆ ಸೇರಿಸಿದ್ದರು. ಪ್ರಹ್ಲಾದ, ಲೋಹಿತಾಶ್ವ, ಬಾಲಕೃಷ್ಣ ಇಂಥ ಪಾತ್ರಗಳಿಂದ ಶುರುವಾದ ಬದುಕು ಅದು. ಅಮೆರಿಕದ ಬಸ್ಟರ್ ಕೀಟನ್ ಕೂಡ ಹೀಗೆಯೇ, ಎಳೆಯ ವಯಸ್ಸಿನಲ್ಲಿ ಅಪ್ಪ ಅಮ್ಮನ ಜೊತೆ ರಂಗಕ್ಕಿಳಿದವನು. ಅಲ್ಲಿಯ ವಾಡೆವಿಲ್ ಮಂಡಳಿಗಳು ಹಾಲಿವುಡ್ಡಿಗೆ ನಗೆಗಾರರನ್ನು ಕೊಟ್ಟ ಹಾಗೆ ಇಲ್ಲಿ ಕಂಪನಿ ನಾಟಕಗಳು ಕನ್ನಡ ಸಿನಿಮಾಕ್ಕೆ ಕೊಟ್ಟವು. ಕಂಪನಿಯಲ್ಲಿ ಹಾಸ್ಯಗಾರನ ಕೆಲಸ ಸುಲಭದ್ದಲ್ಲ. ಹಿಂದೆ ಪರದೆ ಬದಲಾಗುವ ತನಕ ಮುಂದೆ ನಿಂತು ಜನರನ್ನು ಹಿಡಿದಿಡಬೇಕು. ಎದುರಿಗೆ ಕೂತವರು ಇವತ್ತು ಯಾವುದಕ್ಕೆ ನಗುತ್ತಾರೆ ಎಂಬುದನ್ನು ಅಲ್ಲೇ ಅಳೆದು ಮಾತು ಹೊಂದಿಸಬೇಕು. ನಾಯಕನ ತಪ್ಪನ್ನು ಜನ ಮನ್ನಿಸುತ್ತಾರೆ, ನಗೆ ತಪ್ಪಿದರೆ ಮನ್ನಿಸುವುದಿಲ್ಲ.

ನಮ್ಮ ಹರಪನಹಳ್ಳಿ, ಕೂಡ್ಲಿಗಿ, ಹಡಗಲಿ ಸೀಮೆ ಮದ್ರಾಸ್ ರಾಜ್ಯದಿಂದ ಬಿಡಿಸಿಕೊಂಡು ಮೈಸೂರಿಗೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಮರುವರ್ಷವೇ 'ಬೇಡರ ಕಣ್ಣಪ್ಪ' ಬಂತು. ರಾಜ್‌ಕುಮಾರ್ ನಾಯಕರಾದದ್ದು, ನರಸಿಂಹರಾಜು ತೆರೆಗೆ ಬಂದದ್ದು ಅದರಲ್ಲೇ. ಗಡಿ ಬದಲಾದ ಜನಕ್ಕೆ ಸರ್ಕಾರಿ ಕಾಗದಕ್ಕಿಂತ ಹತ್ತಿರವಾದದ್ದು ಈ ತೆರೆಯ ಕನ್ನಡ ಅಂತ ನನಗನ್ನಿಸುತ್ತದೆ. ತಿಪಟೂರಿನ ಮಾತಿಗೂ ನಮ್ಮ "ಐತಿ, ಬಂದಾನ"ಕ್ಕೂ ದೂರವಿದೆ. ಆದರೆ ನರಸಿಂಹರಾಜು ಕತ್ತು ಕೊಂಕಿಸಿದರೆ ಅದಕ್ಕೆ ಅರ್ಥ ಹೇಳುವವರು ಬೇಕಾಗಿರಲಿಲ್ಲ.

ಜನ ನಕ್ಕರು, ಆದರೆ ನಗಿಸಿದವರ ಒಲೆ ದಿನವೂ ಉರಿಯುತ್ತಿತ್ತು ಅನ್ನುವಂತಿರಲಿಲ್ಲ. ಆಗ ಕನ್ನಡ ಚಿತ್ರಗಳು ಕಡಿಮೆ, ಅವೂ ತಯಾರಾಗುತ್ತಿದ್ದದ್ದು ಹೆಚ್ಚಾಗಿ ಮದ್ರಾಸಿನಲ್ಲಿ. ಕೆಲಸವಿಲ್ಲದಾಗ ರಾಜ್‌ಕುಮಾರ್, ಬಾಲಕೃಷ್ಣ, ಜಿ.ವಿ. ಅಯ್ಯರ್, ನರಸಿಂಹರಾಜು ಸೇರಿ ಕಲಾವಿದರ ಸಂಘ ಕಟ್ಟಿ, ಊರೂರು ತಿರುಗಿ ನಾಟಕವಾಡಿದರು. 1960ರ 'ರಣಧೀರ ಕಂಠೀರವ' ಆ ಗೆಳೆತನದ ಫಲ. ಸಿನಿಮಾದವರಾದ ಮೇಲೂ ಅವರನ್ನು ಕಾಪಾಡಿದ್ದು ಕಂಪನಿಯಲ್ಲಿ ಕಲಿತ ವಿದ್ಯೆಯೇ.

ಅದೇ ಗುಂಪಿನ ಬಾಲಣ್ಣನವರ ಕಥೆ ಇನ್ನೂ ಗಟ್ಟಿ. ಅರಸೀಕೆರೆಯ ಬಡ ಮನೆಯಲ್ಲಿ ಹುಟ್ಟಿದವರು, ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಎದುರಿನ ನಟರ ತುಟಿ ನೋಡಿ ತಮ್ಮ ಮಾತು ಹೇಳುತ್ತಿದ್ದರು. ಹಾಗಿದ್ದೂ ನಗೆಗೆ ಬೇಕಾದ ಕ್ಷಣ ತಪ್ಪುತ್ತಿರಲಿಲ್ಲ. ಕನ್ನಡಕ್ಕೆ ಸ್ವಂತ ಸ್ಟುಡಿಯೋ ಬೇಕೆಂದು ಕೆಂಗೇರಿಯ ಬಳಿ ಅಭಿಮಾನ್ ಸ್ಟುಡಿಯೋ ಕಟ್ಟಲು ಹೊರಟು ಸಾಲದಲ್ಲಿ ಸಿಲುಕಿದರು. ನರಸಿಂಹರಾಜು ಅವರೂ 1974ರಲ್ಲಿ 'ಪ್ರೊಫೆಸರ್ ಹುಚ್ಚೂರಾಯ' ನಿರ್ಮಿಸಿ ತಾವೇ ಮುಖ್ಯ ಪಾತ್ರ ಮಾಡಿದರು. ಇಪ್ಪತ್ತು ವರ್ಷ ನಾಯಕನ ಪಕ್ಕ ನಿಂತವರು ಒಮ್ಮೆ ನಡುವೆ ನಿಲ್ಲಬೇಕೆಂದರೆ ತಮ್ಮ ಗಂಟನ್ನೇ ಬಿಚ್ಚಬೇಕಾಯಿತು. 1979ರಲ್ಲಿ, ಐವತ್ತಾರು ತುಂಬುವ ಮೊದಲೇ ಅವರು ತೀರಿಕೊಂಡರು.

ಹರಿಶ್ಚಂದ್ರನ ಕಥೆಯನ್ನು ಕನ್ನಡದಲ್ಲಿ ದೊಡ್ಡದಾಗಿ ಬರೆದ ರಾಘವಾಂಕ ಹಂಪೆಯ ವಿರೂಪಾಕ್ಷನ ಭಕ್ತ. ಹಂಪೆ ನಮಗೆ ಬಸ್ಸಿನ ದಾರಿ. ಸತ್ಯಕ್ಕಾಗಿ ಹೆಂಡತಿ ಮಗನನ್ನು ಮಾರಿದ ರಾಜನನ್ನು ನಮ್ಮ ಹಿರಿಯರು ಕೈ ಮುಗಿದು ನೋಡಿದರು. ಆದರೆ ರಾಜನನ್ನು ಅವರು ಕಂಡದ್ದು ಕಥೆಯಲ್ಲಿ ಮಾತ್ರ, ನಕ್ಷತ್ರಿಕನನ್ನು ಕಂಡದ್ದು ಅಂಗಳದಲ್ಲಿ. ಮಳೆ ಕೈಕೊಟ್ಟ ವರ್ಷ ಅವನ ಮುಂದೆ ಬಾಯಿ ಬಿಡುವಂತಿರಲಿಲ್ಲ. ಟೆಂಟಿನ ಕತ್ತಲಲ್ಲಿ ಅದೇ ಮನುಷ್ಯನನ್ನು ನೋಡಿ ಗಟ್ಟಿಯಾಗಿ ನಗಬಹುದಿತ್ತು. ನಕ್ಕರೆ ಬಡ್ಡಿ ಏರುತ್ತಿರಲಿಲ್ಲ.

ಉಚ್ಚಂಗಿಯ ಕೋಟೆ ಹತ್ತಿದರೆ ನೊಳಂಬರ, ಪಾಂಡ್ಯರ ಹೆಸರು ಹೇಳುವವರು ಸಿಗುತ್ತಾರೆ. ಆ ಅರಸರ ಎದುರು ಯಾರೋ ಒಬ್ಬ ನಗಿಸುವವನೂ ನಿಂತಿದ್ದಿರಬೇಕು, ಆದರೆ ದಾನ ಕೊಟ್ಟವರ ಹೆಸರನ್ನು ಉಳಿಸಿದ ಕಲ್ಲು ನಗಿಸಿದವನ ಹೆಸರನ್ನು ಉಳಿಸುವುದಿಲ್ಲ. ಸಿನಿಮಾ ಚರಿತ್ರೆಯಲ್ಲೂ ನಾಯಕನಿಗೆ ಅಧ್ಯಾಯ, ಹಾಸ್ಯನಟನಿಗೆ ಒಂದು ಸಾಲು. ಈ ಪುಟ್ಟ ಬರಹ ಅದಕ್ಕಾಗಿ.

ಇನ್ನೊಂದು ಕಾರಣವೂ ಇದೆ. ಓದು ಮುಗಿಸಿ ನಾನು ಸೇರಿದ್ದು ಸಾಲ ಕೊಡುವ ಕೆಲಸಕ್ಕೇ. ಮೊದಲ ಸಲ ವಸೂಲಿಗೆ ಹೋಗಿ ಒಂದು ಮನೆಯ ಕಟ್ಟೆಯ ಮೇಲೆ ಕೂತಾಗ ಒಳಗೆ ಏನೋ ಪಿಸುಮಾತು ಕೇಳಿತು, ಹಿಂದೆಯೇ ಮಕ್ಕಳ ಕಿಸಕ್ಕನೆ ನಗು. ಒಬ್ಬ ಹುಡುಗಿ ಚರಿಗಿಯಲ್ಲಿ ನೀರು ತಂದಿಟ್ಟಳು. ಆಗ ನರಸಿಂಹರಾಜು ನೆನಪಾದರು. ನಕ್ಷತ್ರಿಕ ತನ್ನ ಸಾಲ ಕೇಳಲು ಹೋದವನಲ್ಲ, ಋಷಿ ಕಳಿಸಿದ್ದಕ್ಕೆ ಹೋದವನು. ಬಿಸಿಲಲ್ಲಿ ಅವನೂ ನಡೆಯುತ್ತಾನೆ. ಪೀಡಿಸುವವನೊಳಗಿನ ಆ ಸುಸ್ತನ್ನೂ ಅವರು ನಗೆಯೊಳಗೇ ಇಟ್ಟಿದ್ದರು ಅನ್ನುವುದು ಟೆಂಟಿನಲ್ಲಿ ನನಗೆ ತಿಳಿದಿರಲಿಲ್ಲ.

ನೀರು ಕುಡಿದು, ಮುಂದಿನ ತಿಂಗಳು ಬರುತ್ತೇನೆಂದು ಹೇಳಿ ಎದ್ದು ಬಂದೆ.